ಭಾವನವರ ಸ್ಥಳ ಆಯ್ಕೆ ಸಮಿತಿ

ಒಲಿಂಪಿಕ್ಸ್ ಯಾವ ಊರಲ್ಲಿ ನಡೆಯಬೇಕೆಂದು ತೀರ್ಮಾನಿಸುವ ಅಧಿಕಾರ ನಮ್ಮ ಭಾವನವರಿಗೆ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಒಲಿಂಪಿಕ್ಸೇ ನಿಂತುಹೋಗಿರುತ್ತಿತ್ತು. ಸದ್ಯ, ಅವರ ಕೈಗೆ ಸಿಕ್ಕಿರುವುದು ವೈಜಾಗ್, ವಿಜಯವಾಡಗಳ ಬ್ಯಾಂಕ್ ಕನ್ನಡಿಗರ ವಾರ್ಷಿಕ ಕ್ರೀಡಾಕೂಟ ಮಾತ್ರ. ಗೋಣಿಚೀಲದ ಓಟ, ನಿಂಬೆಹಣ್ಣು-ಚಮಚದ ಓಟ, ಕೊನೆಗೆ ಬಿಸಿಬೇಳೆಬಾತ್. ಇಷ್ಟಕ್ಕೊಂದು ಸ್ಥಳ ಆಯ್ಕೆ ಸಮಿತಿ! ಅಧ್ಯಕ್ಷರೂ ಅವರೇ, ಸದಸ್ಯರೂ ಅವರೇ. ಹೆಂಡತಿಯ ತಮ್ಮನಾದ ತಪ್ಪಿಗೆ ಚೀಲ ಹೊರುವವನು ನಾನು.

ಈ ಸಲ ಎಲ್ಲರೂ ವೈಜಾಗ್ ಎಂದರು. ನಾನಿರುವುದು ಅಲ್ಲೇ. ವರ್ಷಾವರ್ಷ ವಿಜಯವಾಡದ ಬಿಸಿಲಿಗೆ ಹೋಗಿ ಬೆಂದು ಬರುವುದು ನನಗೂ ಸಾಕಾಗಿತ್ತು. ಭಾವ ತಪಾಸಣೆಗೆ ಬಂದರು. ಅವರ ರೈಲು ವೈಜಾಗಿಗೆ ಹೋಗದೆ ಊರಾಚೆಯ ದುವ್ವಾಡ ನಿಲ್ದಾಣದಲ್ಲೇ ಇಳಿಸಿತು. "ಸಾರಿಗೆ ಸಾಲದು," ಎಂದು ಪ್ಲಾಟ್‌ಫಾರ್ಮಿನಲ್ಲೇ ಷರಾ ಬರೆದರು. ಮೈದಾನದಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ನಿಂತರು. ಅದು ಉರುಳಿತು.

"ನೋಡಿದ್ಯಾ, ಸಮುದ್ರದ ಗಾಳಿ."

"ಭಾವ, ನಿಮ್ಮ ಕೈ ನಡುಗಿತು."

"ನಡುಗಿಸಿದ್ದೇ ಗಾಳಿ ಕಣಯ್ಯ."

ವಸತಿ, ನೀರು, ನೆರಳು, ಎಲ್ಲಕ್ಕೂ ತಕರಾರು. ಶೌಚಾಲಯ ಚೊಕ್ಕವಾಗಿತ್ತು, ಆದರೆ ದೂರವಂತೆ. ವಾದಿಸುವ ತ್ರಾಣ ನನಗಿರಲಿಲ್ಲ. ಕೂಟ ಮತ್ತೆ ವಿಜಯವಾಡಕ್ಕೇ ಹೋಯಿತು, ಅವರ ಮನೆಯೆದುರಿನ ಅದೇ ಬೋಳು ಮೈದಾನಕ್ಕೆ.

ಅಲ್ಲಿಯೂ ಅವರದೇ ಕಾನೂನು. ಓಟ ಯಾವಾಗಲೂ ಬಿಸಿಲಿಗೆ ಮುಖಮಾಡಿ, ಅವರ ಕಟ್ಟಡದ ಬುಡದಲ್ಲೇ ಮುಗಿಯಬೇಕು. ಗೆದ್ದವರ ಹೆಸರು ಹೇಳುವ ಮೊದಲು ಅವರು ತಲೆಯೆತ್ತಿ ನೋಡುತ್ತಾರೆ. ಇಂದ್ರಕೀಲಾದ್ರಿ ಬೆಟ್ಟದ ಮೇಲಿನ ಅಮ್ಮನವರನ್ನು ಕೇಳಿಯೇ ತೀರ್ಪು ಕೊಡುತ್ತಾರೆಂದು ನಾವು ನಗುತ್ತಿದ್ದೆವು. ಚಮಚದ ಓಟದಲ್ಲಿ ಒಂದು ಕಾಲಕ್ಕೆ ನಮ್ಮಕ್ಕನನ್ನು ಹಿಂದೆ ಹಾಕುವವರಿರಲಿಲ್ಲ. ಲಕ್ವ ಹೊಡೆದ ಮೇಲೆ ಅವಳು ಮಹಡಿ ಇಳಿದಿಲ್ಲ. ನಮ್ಮ ಗದ್ದಲದ ಹೊತ್ತಿನಲ್ಲಿ ಮಲಗಿರುತ್ತಾಳೆಂದೇ ನಾನು ತಿಳಿದಿದ್ದೆ.

ಮಂಡಿನೋವಿನ ದೆಸೆಯಿಂದ ಈ ಸಲ ನಾನು ಓಡದೆ, ಗುರಿಯ ಬಳಿ ರಿಬ್ಬನ್ ಹಿಡಿದು ನಿಂತಿದ್ದೆ. ಚಮಚದ ಓಟದಲ್ಲಿ ಇಬ್ಬರು ಹೆಂಗಸರು ಒಟ್ಟಿಗೇ ಬಂದರು. ಭಾವ ತಲೆಯೆತ್ತಿದರು. ನಾನೂ ಎತ್ತಿದೆ. ಅಮ್ಮನವರ ಬೆಟ್ಟ ಇದ್ದದ್ದು ಆ ದಿಕ್ಕಿಗಲ್ಲ. ಬಾಲ್ಕನಿಯ ಕುರ್ಚಿಯಲ್ಲಿ ಹೊಸ ಸೀರೆಯುಟ್ಟ ಅಕ್ಕ ಬಾಗಿ ನೋಡುತ್ತಿದ್ದಳು. ಸ್ವಾಧೀನವಿದ್ದ ಒಂದೇ ಕೈಯೆತ್ತಿ ಕೆಂಪು ಸೀರೆಯವರನ್ನು ತೋರಿಸಿದಳು.

"ಕೆಂಪು ಸೀರೆ, ಪ್ರಥಮ," ಎಂದು ಭಾವ ಕೂಗಿದರು. ಅಕ್ಕ ನಕ್ಕಳು.

ಊಟದ ಹೊತ್ತಿಗೆ ನಮ್ಮ ಮ್ಯಾನೇಜರು ಬೆವರೊರೆಸಿಕೊಳ್ಳುತ್ತ ತೆಲುಗು ಬೆರೆಸಿ ಕೇಳಿದರು, "ಮುಂದಿನ ವರ್ಷಾನಾದ್ರೂ ವೈಜಾಗಲ್ಲಿ ಇಟ್ಕೊಳ್ಳೋಣ ಅಂಡಿ?"

"ಆಗಲ್ಲ ಸಾರ್," ಎಂದೆ. "ಅಲ್ಲಿ ಗಾಳಿ ಜಾಸ್ತಿ. ನಿಂಬೆಹಣ್ಣು ನಿಲ್ಲಲ್ಲ."