ಇಸ್ತ್ರಿ ಬಂಡಿಯ ಇಂಧನ ನೀತಿ

ಕುರುಬರಹಳ್ಳಿಯ ಹೊಂಗೆ ಮರದಡಿ ನನ್ನ ಇಸ್ತ್ರಿ ಬಂಡಿ ಇದೆ. ಟಿವಿಯಲ್ಲಿ ಇಂಧನದ ಚರ್ಚೆ ನೋಡುವವರೆಗೂ ನಾನು ಒಳ್ಳೆಯ ಇಸ್ತ್ರಿಯವನೇ ಆಗಿದ್ದೆ.

ನನ್ನದು ಸಿಲಿಂಡರಿಗೆ ಜೋಡಿಸುವ ಗ್ಯಾಸ್ ಇಸ್ತ್ರಿ ಪೆಟ್ಟಿಗೆ. ಗ್ಯಾಸಿನ ಬೆಲೆ ಇವತ್ತಿದ್ದ ಹಾಗೆ ನಾಳೆ ಇರುತ್ತಿರಲಿಲ್ಲ. ಗ್ಯಾಸ್ ನಂಬಿ ಕೂತರೆ ಕೆಟ್ಟೆವು, ದೊಡ್ಡ ದೊಡ್ಡ ದೇಶಗಳೇ ಕಲ್ಲಿದ್ದಲು ಮತ್ತು ಅಣುವಿದ್ಯುತ್ತಿನಲ್ಲಿ ಹೂಡಿಕೆ ಮಾಡುತ್ತಿವೆ ಎಂದ ಟಿವಿಯವನು. ಮರುದಿನವೇ ನಾನೂ ಹೂಡಿದೆ! ಗ್ಯಾಸ್ ಪೆಟ್ಟಿಗೆಯನ್ನು ಪಕ್ಕದ ರಸ್ತೆಯಲ್ಲಿ ಇಸ್ತ್ರಿ ಮಾಡುವ ಭಾಮೈದ ನಾಗರಾಜನಿಗೆ ಮಾರಿ, ರಾಜಾಜಿನಗರದ ಕುಲುಮೆಯೊಂದರಿಂದ ಒಂದು ಮೂಟೆ ಕಲ್ಲಿದ್ದಲು ತಂದೆ. ಅಟ್ಟದಿಂದ ಮಾವನ ಕಾಲದ ಹಿತ್ತಾಳೆ ಪೆಟ್ಟಿಗೆ ಇಳಿಸಿದೆ.

ಹೆಂಡತಿ ಜಯಮ್ಮ ಮೂಟೆಗೆ ಕೈ ಹಾಕಿ ನೋಡಿದಳು.

"ರೀ, ಇದು ಕಲ್ಲಿದ್ದಲು. ನಮ್ಮಪ್ಪ ಪೆಟ್ಟಿಗೆಗೆ ಹಾಕ್ತಿದ್ದಿದ್ದು ಸೌದೆ ಇದ್ದಿಲು."

"ಅಷ್ಟು ದೊಡ್ಡ ದೇಶಗಳಿಗಿಂತ ನಿಮ್ಮಪ್ಪ ದೊಡ್ಡೋರೇನೇ?"

ಅದೇ ವಾರ ಎದುರುಮನೆ ಪುಟ್ಟಸ್ವಾಮಿ ಮೇಷ್ಟ್ರ ಮಗಳ ಮದುವೆ. ಮನೆಮಂದಿಯ ಬಟ್ಟೆಯೆಲ್ಲ ನನಗೇ ಬಂದಿತ್ತು. ಇದೊಂದು ಸರಿಹೋದರೆ ಇಡೀ ಬೀದಿ ನನ್ನದು, ಕೆಟ್ಟರೆ ನಾಗರಾಜನದು.

ಚಪ್ಪರದ ದಿನ ಬೆಳಿಗ್ಗೆ ಪೆಟ್ಟಿಗೆಗೆ ಕೆಂಡ ತುಂಬಿದೆ. ಕೆಂಡಕ್ಕಿಂತ ಹೊಗೆಯೇ ಜಾಸ್ತಿ, ಅದಕ್ಕೆ ಡಾಂಬರಿನ ವಾಸನೆ ಬೇರೆ. ಮೇಷ್ಟ್ರ ಬಿಳಿ ರೇಷ್ಮೆ ಪಂಚೆಯ ಮೇಲೆ ಒಮ್ಮೆ ಎಳೆದೆ. ಜರಿ ಅಂಚಿನ ಪಕ್ಕದಲ್ಲಿ ಇನ್ನೊಂದು ಕಪ್ಪು ಅಂಚು ಮೂಡಿತು!

"ಅಯ್ಯೋ ದೇವ್ರೇ, ಧಾರೆ ಎರೆಯೋ ಪಂಚೆ ಕಣ್ರೀ!" ಜಯಮ್ಮ ತಲೆ ಚಚ್ಚಿಕೊಂಡಳು.

ಆದರೆ ನನ್ನ ಹೂಡಿಕೆಯಲ್ಲಿ ಅಣುವಿದ್ಯುತ್ತು ಇನ್ನೂ ಬಾಕಿ ಇತ್ತಲ್ಲ! ಮನೆಗೆ ಓಡಿಹೋಗಿ ಕರೆಂಟಿನ ಪೆಟ್ಟಿಗೆ ತಂದೆ. ಕೈಗಾ ಅಣುಸ್ಥಾವರದ ಕರೆಂಟೂ ಇದರಲ್ಲಿ ಸೇರಿರುತ್ತದೆ ಎಂದು ಮೇಷ್ಟ್ರಿಗೆ ವಿವರಿಸುತ್ತಲೇ, ಅವರ ಚಪ್ಪರದ ಸೀರಿಯಲ್ ಸೆಟ್ಟಿನ ವೈರಿಗೆ ಸಿಕ್ಕಿಸಿದೆ. ಟಪ್! ದೀಪ ಹೋಯಿತು. ನೀರಿನ ಮೋಟಾರು ನಿಂತಿತು. ಒಳಗೆ ಹೋಳಿಗೆ ಹೂರಣ ರುಬ್ಬುತ್ತಿದ್ದ ಗ್ರೈಂಡರೂ ನಿಂತಿತು.

"ಸಂಜೆ ಛತ್ರಕ್ಕೆ ಹೊರಡ್ಬೇಕು ಕಣಯ್ಯಾ! ನಿನ್ನ ವಿಜ್ಞಾನ ಸಾಕು, ಆ ನಾಗರಾಜನ್ನ ಕರಿ!" ಮೇಷ್ಟ್ರಿಗೆ ಅಳುವೇ ಬಂದಿತ್ತು. ನನಗೂ ಬಂತು.

ನಾಗರಾಜ ಬಂದ, ನನ್ನದೇ ಗ್ಯಾಸ್ ಪೆಟ್ಟಿಗೆ ಹಿಡಿದುಕೊಂಡು.

"ಭಾವ, ಸ್ವಲ್ಪ ಸರೀರಿ," ಅಂದ.

ಸರಿದೆ. ಸಂಜೆಯೊಳಗೆ ಅವನು ಎಲ್ಲವನ್ನೂ ಮುಗಿಸಿದ. ಮೇಷ್ಟ್ರು ಬೇರೆ ಪಂಚೆ ಕೊಂಡರು. ಬೀದಿಯ ಬಟ್ಟೆ ಗಂಟುಗಳೆಲ್ಲ ಅಂದಿನಿಂದ ಪಕ್ಕದ ರಸ್ತೆಗೆ ಹೋಗುತ್ತಿವೆ.

ಇಷ್ಟಾದರೂ ಮೇಷ್ಟ್ರು ನಮ್ಮನ್ನು ಮದುವೆಗೆ ಬರಹೇಳಿದ್ದರು. ಮುಹೂರ್ತದ ದಿನ ನಾನು ಹೊರಟು ನಿಂತಾಗ ಜಯಮ್ಮ ಮೇಲಿಂದ ಕೆಳಗೆ ನೋಡಿ ಕೈ ಚಾಚಿದಳು.

"ಆ ಮುದುರಿದ ಅಂಗಿ ಕೊಡಿ ಇಲ್ಲಿ. ನಾಗನ ಹತ್ರ ಇಸ್ತ್ರಿ ಹಾಕಿಸ್ಕೊಂಡು ಬರ್ತೀನಿ."

ಮೂವತ್ತು ವರ್ಷ ಇಸ್ತ್ರಿ ಮಾಡಿದ ನಾನು ಅಂಗಿ ಬಿಚ್ಚಿ ಕೊಟ್ಟೆ.