ಜಿಂಕೆ ವಾರದ ವಕಾಲತ್ತು

ಎಲ್ರಾಯ್ ಜಾಂಕೆಯ ಮನೆ ಗೋಡೆಗೆ ಒಳ್ಳೆಯ ಬಂದೂಕೊಂದು ನೇತಾಡುತ್ತಿತ್ತು. ಕಾಡು ನೋಡುವ ಯೋಗ ಮಾತ್ರ ಅದಕ್ಕೆ ಕೂಡಿಬಂದಿರಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ಗಂಡಸು ಜಿಂಕೆ ಬೇಟೆ ಶುರುವಾಗುವ ವಾರದಲ್ಲಿ ಊರಲ್ಲೇ ಉಳಿದರೆ, ಚರ್ಚಿನಲ್ಲೂ ಜನ ಅವನನ್ನು ಕಾಯಿಲೆಯವನನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಾರೆ.

ಇದಕ್ಕೆಲ್ಲ ಕಾರಣ ವರ್ನಾ ಕುಬಿಯಾಕ್. ಚೀಸ್ ಕಾರ್ಖಾನೆಯ ಹಾಲಿನ ತೊಟ್ಟಿಗಳ ವಿಭಾಗದಲ್ಲಿ ಒಂದು ವಾರಕ್ಕೆ ಒಬ್ಬರಿಗೆ ಮಾತ್ರ ರಜೆ. ಯಾರು ಹಳಬರೋ ಅವರಿಗೆ ಮೊದಲ ಆಯ್ಕೆ. ವರ್ನಾ ಎಲ್ಲರಿಗಿಂತ ಹಳಬಳು, ಎಲ್ರಾಯ್ ಅವಳ ನಂತರದವನು. ಬೇಟೆಯ ವಾರವನ್ನು ಪ್ರತಿವರ್ಷವೂ ಅವಳೇ ಹಿಡಿಯುತ್ತಿದ್ದಳು. ಬೇಟೆಗಾದರೂ ಹೋಗುತ್ತಿದ್ದಳೇ? ಇಲ್ಲ. ಗಂಡ ಕಾಡಿಗೆ ಹೋದಾಗ ಮನೆ ಸದ್ದಿಲ್ಲದೆ ತಣ್ಣಗಿರುತ್ತದೆ, ಕಾಲು ಚಾಚಿಕೊಂಡು ಕೌದಿ ಹೊಲಿಯಬಹುದು ಎನ್ನುತ್ತಿದ್ದಳು. ತಾನೂ ತಿನ್ನ, ಪರರಿಗೂ ಕೊಡ ಎಂದು ಎಲ್ರಾಯ್ ಒಳಗೊಳಗೇ ಕುದಿಯುತ್ತಿದ್ದ.

ಅಂದು ಶುಕ್ರವಾರ. ಸಂಜೆಯೊಳಗೆ ಆ ವರ್ಷದ ರಜೆಯ ಸರದಿ ತೀರ್ಮಾನವಾಗಬೇಕಿತ್ತು. ಬೆಳಿಗ್ಗೆ ಏಪ್ರನ್ ಕಟ್ಟಿಕೊಳ್ಳುವಾಗ ಯೂನಿಯನ್ ಖಜಾಂಚಿ ಡೆಲ್ಮರ್ ಸುಮ್ಮನೆ ಒಂದು ಮಾತೆಸೆದ. ಎಲ್ಲರ ಚಂದಾ ಸಂಬಳದಲ್ಲೇ ಹಿಡಿಯುತ್ತಾರೆ, ವರ್ನಾ ಮಾತ್ರ ಕೈಯಾರೆ ಕಟ್ಟುವವಳು, ಎರಡು ತಿಂಗಳಿಂದ ಕಟ್ಟಿಯೇ ಇಲ್ಲ, ಮರೆತಿರಬೇಕು ಪಾಪ ಎಂದ.

ಎಲ್ರಾಯ್‌ನ ಕಿವಿ ನೆಟ್ಟಗಾಯಿತು. ಆ ವಿಭಾಗಕ್ಕೆ ಯೂನಿಯನ್ ಪ್ರತಿನಿಧಿ ಅವನೇ. ಚಂದಾ ಕಟ್ಟದವರನ್ನು ಕೆಲಸದಿಂದ ತೆಗೆಯಿರಿ ಎಂದು ಯೂನಿಯನ್ ಕೇಳಿದರೆ ಕಂಪನಿ ತೆಗೆಯಲೇಬೇಕು. ಒಪ್ಪಂದದ ಆ ಕಲಮು ಅವನಿಗೆ ಬಾಯಿಪಾಠ.

"ಒಂದು ಮಾತು ಹೇಳಿದ್ರೆ ಕಟ್ತಾಳೆ, ಬಿಡಯ್ಯಾ" ಎಂದ ಡೆಲ್ಮರ್.

"ಕಾನೂನು ಅಂದ್ರೆ ಕಾನೂನು. ಇವತ್ತು ವರ್ನಾನ ಬಿಟ್ರೆ ನಾಳೆ ಇನ್ನೊಬ್ರನ್ನ ಬಿಡಬೇಕಾಗುತ್ತೆ" ಎಂದ ಎಲ್ರಾಯ್. ಹಾಗೆನ್ನುವಾಗ ಅವನ ಕಣ್ಣ ಮುಂದೆ ಕವಲುಗೊಂಬಿನ ಜಿಂಕೆಯೊಂದು ಹಾದುಹೋಯಿತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ತೆಗೆಯುವ ಮುನ್ನ ನೋಟಿಸು ಕೊಡಬೇಕು, ಬಾಕಿ ತೀರಿಸಲು ಅವಕಾಶ ಕೊಡಬೇಕು, ವಿಚಾರಣೆ ನಡೆಸಬೇಕು. ಎಲ್ರಾಯ್ ಛಲ ಬಿಡಲಿಲ್ಲ. ನೋಟಿಸು ಬರೆದು, ಮಧ್ಯಾಹ್ನಕ್ಕೇ ವಿಚಾರಣೆ ಎಂದು ಡೆಲ್ಮರನನ್ನು ಒಪ್ಪಿಸಿ, ತೊಟ್ಟಿಯ ಬಳಿಗೆ ಓಡಿದ. ಪ್ರತಿ ಶುಕ್ರವಾರ ಯೂನಿಯನ್ನಿನ ಮೀನೂಟದ ಚೀಟಿ ಹಂಚುವವನೂ ಅವನೇ ಆಗಿದ್ದರಿಂದ ವರ್ನಾ ಅದೇ ಚೀಟಿಯೆಂದುಕೊಂಡು ನೋಟಿಸನ್ನು ನೋಡದೆಯೇ ಏಪ್ರನ್ ಜೇಬಿಗೆ ತುರುಕಿಕೊಂಡಳು. ಎಲ್ರಾಯ್ ಅದನ್ನು ಕಂಡೂ ಕಾಣದವನಂತೆ ಹೊರಟುಬಂದ.

ಕಾಫಿ ಹೊತ್ತಿಗೆ ಸುದ್ದಿ ಕಾರ್ಖಾನೆಯೆಲ್ಲ ಹಬ್ಬಿತು. ವರ್ನಾಳ ಬಾಕಿಯನ್ನು ನಾವೇ ಕೂಡಿಸಿ ಕಟ್ಟುತ್ತೇವೆಂದು ಪ್ಯಾಕಿಂಗ್ ಹೆಂಗಸರು ತಲೆಗೆ ಹಾಕುವ ಬಲೆಟೋಪಿ ಹಿಡಿದು ಹೊರಟರು. ಹಾಕಿದ ಚಿಲ್ಲರೆಯೆಲ್ಲ ಬಲೆಯ ತೂತಿನಿಂದ ನೆಲಕ್ಕೆ ಉದುರಿ ಉರುಳಿಹೋಯಿತು. ಕಟ್ಟಬೇಕಾದವರೇ ಕಟ್ಟಬೇಕು, ಪರರ ದುಡ್ಡು ನಡೆಯುವುದಿಲ್ಲ ಎಂಬ ಹೊಸ ಕಾನೂನೊಂದನ್ನು ಎಲ್ರಾಯ್ ಅಲ್ಲೇ ಹುಟ್ಟಿಸಿ ಹೇಳಿದ. ಅಂದು ಅವನ ಪಕ್ಕದಲ್ಲಿ ಯಾರೂ ಊಟಕ್ಕೆ ಕೂರಲಿಲ್ಲ.

ಪಾಳಿ ಮುಗಿದ ಮೇಲೆ ಊಟದ ಕೋಣೆಯಲ್ಲೇ ವಿಚಾರಣೆ. ಯೂನಿಯನ್ ಸಮಿತಿಯ ಪರವಾಗಿ ಡೆಲ್ಮರ್, ಕಂಪನಿಯ ಪರವಾಗಿ ಮ್ಯಾನೇಜರ್ ಹಾಲ್ವರ್ಸನ್ ಕೂತರು. ನಿನ್ನ ಪರ ಮಾತಾಡುವವರು ಯಾರು ಎಂದು ಡೆಲ್ಮರ್ ವರ್ನಾಳನ್ನು ಕೇಳಿದ.

"ನಮ್ಮ ಎಲ್ರಾಯ್ ಇದಾನಲ್ಲ. ವಿಭಾಗದ ಪ್ರತಿನಿಧಿ ಅಂತ ಆರಿಸಿರೋದು ಮತ್ಯಾಕೆ?" ಎಂದಳು ವರ್ನಾ.

ಡೆಲ್ಮರ್ ಎಲ್ರಾಯ್‌ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ಕಾಟಾಚಾರಕ್ಕೆ ಮಾತಾಡ್ಬೇಡ ಮತ್ತೆ. ಸರಿಯಾಗಿ ವಾದ ಮಾಡ್ಲಿಲ್ಲ ಅಂತ ಅವಳು ಸರ್ಕಾರದ ಕಾರ್ಮಿಕ ಮಂಡಳಿಗೆ ಹೋದ್ರೆ ಎಲ್ಲಾ ಮೊದಲಿಂದ."

ವಾದ ಸರಿಯಾಗಿರಬೇಕು, ಆದರೆ ಗೆಲ್ಲಬಾರದು. ಇಷ್ಟೇ ತಾನೇ ಎಂದುಕೊಂಡು ಎಲ್ರಾಯ್ ಎದ್ದು ನಿಂತ. ಅಷ್ಟರಲ್ಲಿ ಹಾಲ್ವರ್ಸನ್ ಗಡಿಯಾರ ನೋಡಿಕೊಂಡು, "ಬೇಗ ಮುಗಿಸ್ರಪ್ಪಾ. ಹೋದ್ರೆ ಹೋಗ್ಲಿ. ತೊಟ್ಟಿ ಕಲಕೋದೇನು ಮಹಾ, ದಾರೀಲಿ ಹೋಗೋರನ್ನ ಕರೆದ್ರೂ ಕಲಕ್ತಾರೆ" ಎಂದುಬಿಟ್ಟ.

ಎಲ್ರಾಯ್ ತಾನೂ ತೊಟ್ಟಿ ಕಲಕುವವನೇ. ಅವನ ಕಿವಿ ಕೆಂಪಾಯಿತು. ಜಿಂಕೆ, ಕಾಡು, ಬಂದೂಕು ಎಲ್ಲ ಮರೆತೇಹೋಯಿತು.

"ದಾರೀಲಿ ಹೋಗೋರಾ? ಹಿಮಗಾಳಿ ಬೀಸಿ ರಸ್ತೆ ಮುಚ್ಚಿದ ದಿನ ನಡ್ಕೊಂಡೇ ಬಂದು ತೊಟ್ಟಿ ಕಾದೋರು ಯಾರು? ನಾನು ಕೆಲಸಕ್ಕೆ ಸೇರಿದ ದಿನ ಒಂದು ತೊಟ್ಟಿ ಹಾಲು ಚರಂಡಿಗೆ ಬಿಟ್ಟೆ. ನಲ್ಲಿ ಕೆಟ್ಟಿದೆ ಅಂತ ಹೇಳಿ ನನ್ನ ಉಳಿಸಿದ್ದು ಈಯಮ್ಮ."

"ಆ ನಲ್ಲಿ ನಾನು ಬದಲಾಯಿಸಿದೀನಿ ಕಣೋ" ಎಂದು ಹಾಲ್ವರ್ಸನ್ ಬಾಯಿ ತೆರೆದ.

ಎಲ್ರಾಯ್ ಅವನಿಗೆ ಕಿವಿಗೊಡಲಿಲ್ಲ. ವರ್ನಾಳ ಜೇಬಿನಿಂದ ನೋಟಿಸು ತೆಗೆಸಿ ಮೇಜಿನ ಮೇಲೆ ಇಟ್ಟ. ಹಾಲು ಬಿದ್ದು ಅದರ ಮಡಿಕೆಗಳು ಅಂಟಿಕೊಂಡೇ ಇದ್ದವು. ಯಾರೂ ಬಿಡಿಸಿಯೇ ಇರಲಿಲ್ಲ. ಬೆಳಿಗ್ಗೆ ಕೊಟ್ಟು ಮಧ್ಯಾಹ್ನ ವಿಚಾರಣೆ ಮಾಡಿದರೆ ಅದು ಅವಕಾಶವೇ ಎಂದು ಕೇಳಿದ. ಮೀನೂಟದ ಚೀಟಿಯ ಹಾಗೆ ಕೈಗೆ ತುರುಕಿ ಓಡಿದವನಿಗೆ ಮಾನವಿದೆಯೇ ಎಂದೂ ಕೇಳಿದ.

"ಕೊಟ್ಟೋನು ನೀನೇ" ಎಂದ ಡೆಲ್ಮರ್.

"ಹೌದು, ನಾನೇ. ಅದಕ್ಕೇ ಅಷ್ಟು ಖಾತ್ರಿಯಾಗಿ ಹೇಳ್ತಿರೋದು."

ಬಾಗಿಲಲ್ಲಿ ಗುಂಪುಗೂಡಿದ್ದ ಪ್ಯಾಕಿಂಗ್ ಹೆಂಗಸರು ಚಪ್ಪಾಳೆ ತಟ್ಟಿದರು. ಸಮಿತಿ ನೋಟಿಸನ್ನು ರದ್ದು ಮಾಡಿತು. ವರ್ನಾ ಕಣ್ಣೊರೆಸಿಕೊಂಡು, ಚೀಲದಿಂದ ದುಡ್ಡು ತೆಗೆದು ಡೆಲ್ಮರನ ಮುಂದಿಟ್ಟಳು. ಬಾಕಿ ಅಲ್ಲೇ ತೀರಿತು. ಗೆದ್ದ ಅಮಲಿನಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಎಲ್ರಾಯ್‌ಗೆ ತಾನು ಮಾಡಿಕೊಂಡದ್ದೇನು ಎಂಬುದು ಆಗ ಮೆಲ್ಲಗೆ ತಲೆಗೆ ಹತ್ತತೊಡಗಿತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದ.

"ನಿನ್ನ ಹತ್ರ ಮುಚ್ಚುಮರೆ ಯಾಕೆ ಎಲ್ರಾಯ್" ಎಂದಳು ವರ್ನಾ, ಅವನ ಕೈ ಹಿಡಿದುಕೊಂಡು. "ನಾನು ಚಂದಾ ಕಟ್ಟೋದು ಮರ್ತಿರ್ಲಿಲ್ಲ. ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಬೆಚ್ಚಗಿರೋ ಅರಿಝೋನಾಗೆ ಹೋಗೋಣ ಅಂತಿದ್ವಿ. ಹೊರಟೋಳು ಯಾಕೆ ಕಟ್ಟಲಿ ಅಂತ ಸುಮ್ನಿದ್ದೆ. ಇವತ್ತು ಸಂಜೆ ಸಾಹೇಬ್ರಿಗೆ ಹೇಳೋಳಿದ್ದೆ."

"ಹಾಗಾದ್ರೆ... ಹೋಗ್ತೀರಾ?" ಎಂದು ಎಲ್ರಾಯ್ ಕೇಳಿದ. ಅವನ ದನಿಯಲ್ಲಿದ್ದ ಆಸೆ ಅವಳಿಗೆ ಸಂಕಟದಂತೆ ಕೇಳಿಸಿತು.

"ಎಲ್ಲಿಗಪ್ಪಾ ಹೋಗ್ಲಿ? ಇಷ್ಟು ವರ್ಷ ದುಡಿದ್ರೂ ಒಬ್ರೂ ಒಂದು ಒಳ್ಳೆ ಮಾತಾಡಿರ್ಲಿಲ್ಲ. ನೀನು ಇಷ್ಟೆಲ್ಲಾ ಹೇಳಿದ ಮೇಲೆ ಬಿಟ್ಟು ಹೋಗೋಕೆ ಮನಸ್ಸು ಬರುತ್ತಾ? ಕೈಕಾಲು ಆಡೋವರೆಗೂ ಇಲ್ಲೇ ಇರ್ತೀನಿ."

ಹಾಲ್ವರ್ಸನ್ ರಜೆಯ ಸರದಿಗೆಂದು ಪೆನ್ನು ತೆಗೆದ. ವರ್ನಾ ಯಾವತ್ತಿನಂತೆ ಬೇಟೆಯ ವಾರವನ್ನೇ ಹೇಳಿ ಎಲ್ರಾಯ್‌ನ ಭುಜ ತಟ್ಟಿದಳು.

"ನೀನೇನೂ ಯೋಚನೆ ಮಾಡ್ಬೇಡ. ಈ ಸಲ ನಮ್ಮ ಯಜಮಾನ್ರು ಹೊಡೆಯೋ ಜಿಂಕೇಲಿ ಒಂದು ತೊಡೆ ನಿಮ್ಮನೆಗೆ ಕಳಿಸಿಕೊಡ್ತೀನಿ."