ಕಾಗೆಯನ್ನು ಗದರಿಸಿದ ಕ್ಯಾಮೆರಾ

ತುಮಕೂರಿನ ಕುಣಿಗಲ್ ರಸ್ತೆಯ ಬದಿಯ ಬಡಾವಣೆಯೊಂದರಲ್ಲಿ, ತನ್ನ ಸ್ವಂತ ಮನೆಯ ತಾರಸಿಯ ನಟ್ಟನಡುವೆ ನಿಂತು ಹನುಮಂತರಾಜು ಪ್ರತಿಜ್ಞೆ ಮಾಡಿದ.

"ಇನ್ಮೇಲೆ ನನ್ನ ಅಪ್ಪಣೆ ಇಲ್ದೆ ಈ ಮನೆ ಮೇಲೆ ಒಂದು ನೊಣ ಕೂರಬಾರ್ದು. ಬರೆದಿಟ್ಕೊ."

ಕೇಳಿಸಿಕೊಂಡವಳು ಒಬ್ಬಳೇ, ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಹೆಂಡತಿ ಬಿಂದುಶ್ರೀ. "ಬರೆದಿಟ್ಕೊಂಡೆ," ಎಂದು ಅವಳು ಲುಂಗಿ ಮಡಿಸಿದಳು.

ಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ವಾರ ಯಾರೋ ತಾರಸಿ ಹತ್ತಿ, ಸೋಲಾರ್ ಪೈಪಿನ ಎರಡು ಹಿತ್ತಾಳೆ ನಲ್ಲಿಗಳನ್ನು ಬಿಚ್ಚಿಕೊಂಡು ಹೋಗಿದ್ದರು. ವಸಂತನರಸಾಪುರದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿರುವವನ ಮನೆಯ ನಲ್ಲಿಯನ್ನೇ ಬಿಚ್ಚುವುದೆಂದರೆ ಅದು ಕಳ್ಳತನವಲ್ಲ, ಮಾನಹಾನಿ. ಪ್ರತಿಜ್ಞೆಯ ಮರುದಿನವೇ ಅವನು ಒಂದು ಕ್ಯಾಮೆರಾ ತಂದು ನೀರಿನ ಟ್ಯಾಂಕಿನ ಪಕ್ಕದ ಕಬ್ಬಿಣದ ಕಂಬಕ್ಕೆ ಬಿಗಿದ. ಅದರ ನೆತ್ತಿಯ ಮೇಲೊಂದು ಪುಟ್ಟ ಸೋಲಾರ್ ಹಲಗೆ, ಕರೆಂಟಿನ ಹಂಗಿಲ್ಲ. ಎದುರಿಗೆ ಏನಾದರೂ ಅಲುಗಾಡಿದರೆ ತಾನಾಗಿ ಎಚ್ಚೆತ್ತು, ಮನೆಯ ವೈಫೈ ಮೂಲಕ ಫೋನಿಗೆ ಚಿತ್ರ ಕಳಿಸುತ್ತದೆ. ಜೊತೆಗೆ ಕೂಗುತ್ತದೆ.

ಕೂಗುವುದು ಇಂಗ್ಲಿಷಿನ ಒಬ್ಬ ಹೆಂಗಸು. ತುಂಬ ಮರ್ಯಾದಸ್ಥೆ. ಇಷ್ಟು ವಿನಯಕ್ಕೆ ನಮ್ಮ ಕಡೆಯ ಕಳ್ಳರು ಬಗ್ಗುವುದಿಲ್ಲ ಎಂದು ಹನುಮಂತರಾಜು ಅವಳನ್ನು ತೆಗೆದುಹಾಕಿ ತನ್ನದೇ ದನಿ ತುಂಬಿದ. "ಯಾರ್ಲಾ ಅದು? ಇಲ್ಲೇನ್ಲಾ ನಿಂಗೆ ಕೆಲ್ಸ? ಇಳೀಲಾ ಕೆಳಕ್ಕೆ!"

ಆ ದನಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಅವನ ಅಪ್ಪ ಅಣ್ಣಯ್ಯಪ್ಪನ ದನಿಯ ಪಡಿಯಚ್ಚು. ಹುಲಿಯೂರುದುರ್ಗದ ನೆಂಟರು ಫೋನಿನಲ್ಲಿ ಮಗನನ್ನೇ ಅಪ್ಪನೆಂದುಕೊಂಡು ಅರ್ಧ ಗಂಟೆ ಕಷ್ಟಸುಖ ಹೇಳಿಕೊಂಡದ್ದುಂಟು.

ಪರೀಕ್ಷೆಗೆಂದು ಬಿಂದುಶ್ರೀ ಕಳ್ಳಿಯಂತೆ ಬಗ್ಗಿ ನಡೆದಳು. ಕ್ಯಾಮೆರಾ ಮಿಸುಕಲಿಲ್ಲ. ಹನುಮಂತರಾಜು ಅದರ ಸೂಕ್ಷ್ಮತೆಯನ್ನು ತುತ್ತತುದಿಗೆ ಏರಿಸಿದ. ಆಮೇಲೆ ಅದು ಹಗ್ಗದ ಮೇಲಿನ ಟವೆಲನ್ನೂ ಗದರಿಸತೊಡಗಿತು.

"ನಾಳೆ ಕಾಗೆಗೆ ಎಡೆ ಇಡ್ಬೇಕಲ್ರೀ. ಒಂದಿನದ ಮಟ್ಟಿಗೆ ಆಫ್ ಮಾಡಿ."

"ಮನುಷ್ಯ ಯಾರು, ಪಕ್ಷಿ ಯಾವ್ದು ಅಂತ ಅದು ಗುರುತು ಹಿಡಿಯುತ್ತೆ ಕಣೇ. ಬುದ್ಧಿ ಇರೋ ಕ್ಯಾಮೆರಾ."

"ಸದ್ಯ. ಮನೇಲಿ ಒಬ್ರಿಗಾದ್ರೂ ಇರ್ಲಿ."

ಮರುದಿನ ಮಹಾಲಯ ಅಮಾವಾಸ್ಯೆ. ಅಣ್ಣಯ್ಯಪ್ಪ ತೀರಿಕೊಂಡದ್ದು ಹೋದ ಮಾಘದಲ್ಲಿ. ಇದು ಅವನ ಮೊದಲ ಎಡೆ. ಹಿರಿಯರಿಗೆ ಬೇಕಾದ್ದನ್ನೆಲ್ಲ ಬೇಯಿಸಿ ಬಡಿಸಿ, ಅದರಲ್ಲೇ ಒಂದಿಷ್ಟನ್ನು ಎಲೆಯಲ್ಲಿಟ್ಟು ಮನೆಯ ಮೇಲಿಡುತ್ತಾರೆ. ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ. ಅಲ್ಲಿಯವರೆಗೆ ಯಾರೂ ಮೇಲೆ ಹತ್ತುವಂತಿಲ್ಲ. ಆಮೇಲೆ ಮನೆಯವರ ಊಟ.

ಈ ಎಡೆಯ ಮೇಲೆ ಒಂದು ದೊಡ್ಡ ತೀರ್ಮಾನ ನಿಂತಿತ್ತು. ಗಂಡ ಹೋದ ಮೇಲೆ ಅವ್ವ ಚಿಕ್ಕಗಂಗಮ್ಮ ಗುಬ್ಬಿಯಲ್ಲಿ ಮಗಳು ಪುಟ್ಟತಾಯಮ್ಮನ ಮನೆಯಲ್ಲಿದ್ದಳು. ಅವ್ವ ಇನ್ನು ತನ್ನ ಮನೆಯಲ್ಲಿರಬೇಕೆಂದು ಮಗ, ತನ್ನಲ್ಲೇ ಇರಲೆಂದು ಮಗಳು, ಆರು ತಿಂಗಳಿಂದ ಫೋನಿನಲ್ಲೇ ಹೋರಾಡಿದ್ದರು. ಕೊನೆಗೆ ಅವ್ವ ಹೇಳಿದ್ದಳು: "ಕಿತ್ತಾಡ್‌ಬ್ಯಾಡಿ. ಎಡೆ ಮಗನ ಮನೇಲೇ ಆಗ್ಲಿ. ನಿಮ್ಮಪ್ಪ ಅಲ್ಲುಂಡ್ರೆ ನಾನೂ ಅಲ್ಲಿರ್ತೀನಿ. ಉಣ್ಣದಿದ್ರೆ ಗುಬ್ಬಿಗೆ ಹೋಯ್ತೀನಿ."

ಅಮಾವಾಸ್ಯೆಯ ಬೆಳಿಗ್ಗೆ ತಾಯಿ ಮಗಳು ಬಸ್ಸಿಳಿದು ಬಂದರು. ಮನೆ ಹಬೆಯಲ್ಲಿ, ಸಾಂಬ್ರಾಣಿ ಹೊಗೆಯಲ್ಲಿ ಮುಳುಗಿತು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಹೊಸ ಪಂಚೆ, ಒಂದು ಕಟ್ಟು ಬೀಡಿ. ಹನ್ನೆರಡೂವರೆಗೆ ಹನುಮಂತರಾಜು ಎಲೆಯನ್ನು ತಾರಸಿಯ ಮೋಟುಗೋಡೆಯ ಮೇಲಿಟ್ಟು ಇಳಿದು ಬಂದ. ನಾಲ್ವರೂ ಮೆಟ್ಟಿಲ ಬುಡದಲ್ಲಿ ಕೈಮುಗಿದು ನಿಂತರು. ಚಿಕ್ಕಗಂಗಮ್ಮ ಹಿಂದಿನ ರಾತ್ರಿಯಿಂದ ತುತ್ತು ಮುಟ್ಟಿರಲಿಲ್ಲ.

ಮೇಲೆ ರೆಕ್ಕೆ ಬಡಿದ ಸದ್ದಾಯಿತು. "ಕಾ" ಎಂದಿತು ಕಾಗೆ. ಹನುಮಂತರಾಜುವಿನ ಕಣ್ಣು ತುಂಬಿ ಬಂತು. ಅಪ್ಪ ಬಂದ, ನನ್ನ ಮನೆಗೇ ಬಂದ.

ಆಗ ತಾರಸಿಯಿಂದ ಅಪ್ಪನ ದನಿ ಕೇಳಿಸಿತು.

"ಯಾರ್ಲಾ ಅದು? ಇಲ್ಲೇನ್ಲಾ ನಿಂಗೆ ಕೆಲ್ಸ? ಇಳೀಲಾ ಕೆಳಕ್ಕೆ!"

ಕಾಗೆ ಹಾರಿಹೋಯಿತು. ಪುಟ್ಟತಾಯಮ್ಮ ಮೆಟ್ಟಿಲ ಮೇಲೆ ಮಂಡಿಯೂರಿ ಕುಸಿದಳು. "ಅಪ್ಪ... ಅಪ್ಪನ ದನಿ. ನನ್ ಮ್ಯಾಲೆ ಕ್ವಾಪ ಕಣವ್ವ ಅಪ್ಪಂಗೆ. ಆಸ್ಪತ್ರೇಲಿ ಬೀಡಿ ಹಚ್ಚೋಕೆ ಹೋದಾಗ ಕಿತ್ಕೊಂಡು ಮೋರಿಗೆ ಎಸೆದುಬುಟ್ಟೆ. ತೆಪ್ಪಾಯ್ತು ಕಣಪ್ಪ."

ಚಿಕ್ಕಗಂಗಮ್ಮ ಕಣ್ಣು ಮುಚ್ಚಿದವಳು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ಒಂದು ಹನಿ ಇಳಿಯಿತು. ಅದನ್ನು ಕಂಡ ಮೇಲೆ "ಅದು ಅಪ್ಪ ಅಲ್ಲ, ನನ್ನ ಕ್ಯಾಮೆರಾ" ಎನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ಬಿಂದುಶ್ರೀ ಮಾತ್ರ ಗಂಡನನ್ನೇ ನೋಡುತ್ತಿದ್ದಳು. ಅವನು ಫೋನನ್ನು ಜೇಬಿನಲ್ಲಿ ಅದುಮಿಕೊಂಡು ಬಚ್ಚಲುಮನೆ ಹೊಕ್ಕು ಚಿಲಕ ಹಾಕಿದ.

ಆ್ಯಪಿನ ತುಂಬ ಗುಂಡಿಗಳು. ಒದ್ದೆ ಬೆರಳು ಯಾವುದನ್ನೋ ಒತ್ತಿತು. ಅದು ಇಲ್ಲಿಂದ ಮಾತಾಡಿದ್ದನ್ನು ಅಲ್ಲಿ ಕೇಳಿಸುವ ಗುಂಡಿಯೆಂದು ಅವನಿಗೆ ತಿಳಿಯಲಿಲ್ಲ.

"ಅಯ್ಯೋ ಶಿವನೆ, ಆಫ್ ಮಾಡೋದು ಎಲ್ಲೈತೆ? ಆಫ್ ಆಗ್ಬಾರ್ದಾ ಒಂದ್ಸಲ," ಎಂದು ಅವನು ಗೊಣಗಿದ. ಅದು ತಾರಸಿಯ ಮೇಲೆ ಗುಡುಗಾಗಿ ಕೇಳಿಸಿತು.

"ಅಪ್ಪಂಗೆ ಏನೋ ಆಫ್ ಮಾಡ್ಬೇಕಂತೆ," ಎಂದಳು ಪುಟ್ಟತಾಯಮ್ಮ ಭಕ್ತಿಯಿಂದ. ಎದ್ದು ಹೋಗಿ ಟಿವಿ ಆರಿಸಿದಳು. ಫ್ಯಾನು ಆರಿಸಿದಳು. ಫ್ರಿಜ್ಜಿನ ಸ್ವಿಚ್ಚು ತೆಗೆದಳು. ಅಪ್ಪ ಇನ್ನೂ ಗೊಣಗುತ್ತಲೇ ಇದ್ದ. ಕೊನೆಗೆ ಹೊರಗೆ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿ, ತಲೆ ಎತ್ತಿ ಕೈಮುಗಿದಳು. "ಎಲ್ಲಾ ಆಫ್ ಮಾಡಿದೀನಿ ಕಣಪ್ಪ. ಈಗ್ಲಾದ್ರೂ ಉಣ್ಣು."

ಬಚ್ಚಲುಮನೆ ಕತ್ತಲಾಯಿತು. ಬಾಗಿಲಾಚೆಯಿಂದ ಬಿಂದುಶ್ರೀಯ ಪಿಸುದನಿ ಬಂತು.

"ರೀ, ಆಚೆ ಬನ್ನಿ."

"ಕರೆಂಟ್ ಯಾಕೆ ಹೋಯ್ತು?"

"ನೀವೇ ಹೇಳಿದ್ರಂತಲ್ಲ. ಅತ್ತಿಗೆ ಮೇನ್ ಇಳಿಸವ್ರೆ."

"ವೈಫೈ ಹೋಯ್ತಲ್ಲೇ! ಇನ್ನು ಫೋನಿಂದ ಅದು ಆಫ್ ಆಗಲ್ಲ. ಮೇನ್ ಏರಿಸಿದ್ರೆ ಅಕ್ಕ ಬಿಡ್ತಾಳಾ?"

"ಹೋಗಿ ನಿಜ ಹೇಳಿ."

"ಹೇಳಿದ್ರೆ ಅಪ್ಪನ ಎಡೇನ ನಾನೇ ಕೆಡಿಸ್ದೆ ಅಂತ ಅವ್ವ ಗುಬ್ಬಿಗೆ ಹೋಗ್ತಾಳೆ."

"ಹೇಳ್ದಿದ್ರೂ ಹೋಗ್ತಾರೆ. ಹೇಳಿದ್ರೆ ಬೇಗ ಊಟ ಮಾಡ್ಕೊಂಡಾದ್ರೂ ಹೋಗ್ತಾರೆ."

ಕರೆಂಟಿನ ಹಂಗಿಲ್ಲದ ಕ್ಯಾಮೆರಾ ತನ್ನ ಕಾಯಕ ನಿಲ್ಲಿಸಲಿಲ್ಲ. ಎರಡು ಕಾಗೆ ಬಂದವು, ಇಬ್ಬರಿಗೂ ಬೈಗುಳ. ಆಮೇಲೆ ಐದು ಬಂದವು, ಸಾಮೂಹಿಕ ಬೈಗುಳ. ಎರಡು ಗಂಟೆಯಾಯಿತು. ಮೂರಾಯಿತು. ಬೀದಿಯ ಬೇರೆ ಮನೆಗಳಲ್ಲಿ ಹಿರಿಯರೆಲ್ಲ ಉಂಡು ಹೋಗಿ, ಎಂಜಲೆಲೆ ಎತ್ತಿಯೂ ಆಗಿತ್ತು. ಪುಟ್ಟತಾಯಮ್ಮ ಕಣ್ಣೊರೆಸಿಕೊಂಡು ಸೆರಗು ಬಿಗಿದಳು.

"ಆಯ್ತು ಬುಡು ರಾಜಾ. ಅಪ್ಪಂಗೆ ಈ ಮನೆ ಒಗ್ಗಲಿಲ್ಲ. ನಾಕು ಗಂಟೆ ಬಸ್ಸಿಗೆ ಅವ್ವನ್ನ ಕರ್ಕೊಂಡು ಹೋಯ್ತೀನಿ. ಹೊತ್ತು ಮುಳುಗೋದ್ರೊಳಗೆ ತೋಟದಲ್ಲಿ ಒಂದೆಲೆ ಇಡ್ತೀನಿ."

ಹನುಮಂತರಾಜು ಅವ್ವನ ಕಡೆ ನೋಡಿದ. ಅವಳಿಗೆ ಸಕ್ಕರೆ ಕಾಯಿಲೆ. ಗೋಡೆ ಹಿಡಿದೇ ನಿಂತಿದ್ದಳು, ಹಣೆಯ ತುಂಬ ಬೆವರು. ಮನೆಯ ಮಾನ, ಮಗನ ಹಕ್ಕು ಎಂದು ಇಷ್ಟು ಹೊತ್ತು ಎದೆಯಲ್ಲಿ ಸೆಟೆದು ನಿಂತಿದ್ದದ್ದು ಆ ಬೆವರು ಕಂಡ ಕೂಡಲೇ ಸಡಿಲವಾಯಿತು. ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

"ಯಾರ್ಲಾ ಅದು?" ಎಂದಿತು ಕ್ಯಾಮೆರಾ.

"ನಾನೇ ಕಣಪ್ಪ," ಎಂದುಬಿಟ್ಟ.

"ಇಲ್ಲೇನ್ಲಾ ನಿಂಗೆ ಕೆಲ್ಸ?"

ಸ್ವಿಚ್ಚಿಗಾಗಿ ತಡಕಿದ. ಕಳ್ಳರ ಕೈಗೆ ಸಿಗದಂತೆ ಮಾಡಿದ ಸ್ವಿಚ್ಚು ಸೂಪರ್‌ವೈಸರನ ಕೈಗೂ ಸಿಗಲಿಲ್ಲ. ಟವೆಲು ಸುತ್ತಿದ, ಅದು ಟವೆಲಿನೊಳಗಿಂದ ಕೂಗಿತು. ತಾನೇ ಬಿಗಿದ ಬೋಲ್ಟುಗಳು ಅವು, ಬರಿಗೈಗೆ ಬಗ್ಗುವುವಲ್ಲ. ಕ್ಯಾಮೆರಾ ಕೂತಿದ್ದ ಪ್ಲಾಸ್ಟಿಕ್ ಹಿಡಿಯನ್ನೇ ಜಗ್ಗಿ ಮುರಿದ. ಕ್ಯಾಮೆರಾವನ್ನು ಎದೆಗವಚಿ, ಅದರ ಬಾಯಿಗೆ ಅಂಗೈ ಒತ್ತಿ ಕುಕ್ಕರುಗಾಲಲ್ಲಿ ಕುಳಿತ. ಅವನು ಉಸಿರೆಳೆದಾಗಲೆಲ್ಲ ಅದು ಅವನ ಎದೆಯಿಂದಲೇ "ಇಳೀಲಾ ಕೆಳಕ್ಕೆ" ಎನ್ನುತ್ತಿತ್ತು.

ತಲೆ ಎತ್ತಿದರೆ ಕೊನೆಯ ಮೆಟ್ಟಿಲ ಮೇಲೆ ಅವ್ವ. ಹಿಂದೆ ಪುಟ್ಟತಾಯಮ್ಮ, ಬಿಂದುಶ್ರೀ.

"ಅವ್ವ," ಎಂದ ಅವನು. "ಅಪ್ಪ ಅಲ್ಲ ಕಣವ್ವ. ಇದು ನಂದೇ ದನಿ. ಕಳ್ಳರಿಗೆ ಅಂತ ತುಂಬಿದ್ದೆ. ಆಗ್ಲೇ ಹೇಳ್ಬೇಕಿತ್ತು. ನೀನು ಅಳ್ತಿದ್ದೆ."

"ಏನ್ಲಾ," ಎಂದಳು ಪುಟ್ಟತಾಯಮ್ಮ. "ಹಂಗಾರೆ ಬೀಡಿ ವಿಚಾರ ನಾನು ಬಾಯ್ಬಿಟ್ಟಿದ್ದು ಈ ಡಬ್ಬಿಗಾ?"

ಚಿಕ್ಕಗಂಗಮ್ಮ ಮೋಟುಗೋಡೆಯ ಬಳಿ ಬಂದು ಎಲೆಯ ಮೇಲಿನ ಇರುವೆ ಕೊಡವಿದಳು. "ನಂಗೊತ್ತಿತ್ತು," ಎಂದಳು. "ಮೊದಲ್ನೇ ಸಲ ಕೇಳ್ದಾಗ ಎದೆ ಧಸಕ್ ಅಂತು. ದನಿ ಅವ್ರದೇ. ಆಮ್ಯಾಕೆ ಮಾತು ಕೇಳಿಸ್ಕೊಂಡೆ. ಮಾತು ಅವ್ರದಲ್ಲ. ಉಣ್ಣೋಕೆ ಬಂದೋರ್ನ ಯಾರು ಅಂತ ನಿಮ್ಮಪ್ಪ ಯಾವತ್ತೂ ಕೇಳ್ದೋರಲ್ಲ. ಎಲೆ ಹಾಕ್ಸಿ, ಅವ್ರು ಉಂಡು ಕೈ ತೊಳೆದ ಮ್ಯಾಲೆ, ಯಾವೂರಪ್ಪ ಅಂತ ಕೇಳೋರು."

"ಮತ್ತೆ ಇಷ್ಟೊತ್ತು ಯಾಕವ್ವ ಸುಮ್ನಿದ್ದೆ?"

"ನೀನಾಗೇ ಹೇಳ್ಲಿ ಅಂತ."

ಅವಳು ಎರಡು ಕೈಯನ್ನೂ ಬಾಯಿಗೆ ಹಿಡಿದು "ಕಾ... ಕಾ... ಬಾರಪ್ಪ" ಎಂದು ಕೂಗಿದಳು. ಎದುರುಮನೆಯ ತೆಂಗಿನ ಗರಿಯಿಂದ ಒಂದು ಮುದಿ ಕಾಗೆ ಇಳಿದು, ಅತ್ತಿತ್ತ ನೋಡಿ, ಮೊದಲು ಬಾಡಿನ ತುಂಡಿಗೆ ಕೊಕ್ಕು ಹಾಕಿತು. ಹನುಮಂತರಾಜು ಉಸಿರು ಬಿಗಿಹಿಡಿದಿದ್ದ. ಕ್ಯಾಮೆರಾವೂ ಸುಮ್ಮನಿತ್ತು. ಕಾಗೆ ಉಂಡು, ಕಜ್ಜಾಯವೊಂದನ್ನು ಕಚ್ಚಿಕೊಂಡು ಹಾರಿತು.

"ಹಂಗಾರೆ ಬಸ್ಸು?" ಎಂದಳು ಪುಟ್ಟತಾಯಮ್ಮ.

"ನೀನು ಹೋಗವ್ವ. ನಾನು ಇಲ್ಲೇ ಇರ್ತೀನಿ."

ಹನುಮಂತರಾಜುವಿನ ಎದೆ ಮತ್ತೆ ಉಬ್ಬಿತು. "ಅಪ್ಪ ನನ್ ಮನೇಲೇ ಉಂಡ್ರು ಅಂತ ತಾನೆ ಅವ್ವ?"

"ಅದಕ್ಕಲ್ಲ ಕಣ್ಲಾ," ಎಂದಳು ಚಿಕ್ಕಗಂಗಮ್ಮ, ಮೆಟ್ಟಿಲ ಕಡೆಗೆ ತಿರುಗುತ್ತ. "ಈ ಮನೇಲಿ ಓಡ್ಸೋ ದನಿ ಒಂದೈತೆ. ಕರಿಯೋದೂ ಒಂದಿರ್ಲಿ ಅಂತ."